ಪೆಪ್ಟೈಡ್ ಜೋಡಿಸಿದರೆ ನ್ಯಾನೋಕಣ (ಔಷಧಿ ಮುಂತಾದವನ್ನು ಹೊರಬಲ್ಲ ಅತಿಸೂಕ್ಷ್ಮ ಕಣ) ಜೀವಕೋಶದೊಳಗೆ ಹೋಗುವುದು ಹೇಗೆ?

ಮುಖ್ಯವಾಗಿ ವಿದ್ಯುದಾವೇಶದ ಸೆಳೆತದಿಂದ. ಜೀವಕೋಶದ ಹೊರಮೈಯಲ್ಲಿ ಋಣಾವೇಶ ಇರುತ್ತದೆ. ಈ ಕೆಲಸಕ್ಕೆ ಬಳಸುವ ಪೆಪ್ಟೈಡ್‌ಗಳಲ್ಲಿ (ಅಮೈನೋ ಆಮ್ಲಗಳ ಪುಟ್ಟ ಸರಪಳಿ) ಸಾಮಾನ್ಯವಾಗಿ ಧನಾವೇಶದ ಆರ್ಜಿನೈನ್, ಲೈಸೀನ್ ಎಂಬ ಅಮೈನೋ ಆಮ್ಲಗಳು ಹೆಚ್ಚು. ಹಾಗಾಗಿ ಪೆಪ್ಟೈಡ್ ಹೊದ್ದ ಕಣ ಕೋಶಕ್ಕೆ ಅಂಟಿಕೊಳ್ಳುತ್ತದೆ. ಆಗ ಕೋಶದ ಪೊರೆ ಆ ಜಾಗದಲ್ಲಿ ಒಳಕ್ಕೆ ಬಾಗಿ, ಕಣವನ್ನು ಸುತ್ತುವರಿದು, ಪುಟ್ಟ ಚೀಲದಂತೆ ಒಳಗೆಳೆದುಕೊಳ್ಳುತ್ತದೆ.

ಇವುಗಳಲ್ಲಿ ಹೆಸರಾದದ್ದು ‘ಟ್ಯಾಟ್’, ಎಚ್‌ಐವಿಯ ಪ್ರೋಟೀನೊಂದರ ತುಣುಕು. ಆ ಪ್ರೋಟೀನ್ ತಾನಾಗಿಯೇ ಕೋಶದೊಳಗೆ ಹೋಗಬಲ್ಲದೆಂದು 1988ರಲ್ಲಿ ಗೊತ್ತಾಯಿತು. ಬರೀ ತುಣುಕಿನಿಂದ ಏಡ್ಸ್ ಬರುವುದಿಲ್ಲ, ಆ ಭಯ ಬೇಡ. 2000ದಲ್ಲಿ ಕಬ್ಬಿಣದ ಆಕ್ಸೈಡ್ ಕಣಗಳಿಗೆ ಇದನ್ನು ಜೋಡಿಸಿ ಕಾಂಡಕೋಶಗಳೊಳಗೆ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶಗಳು) ಸೇರಿಸಿ, ಎಂಆರ್‌ಐನಲ್ಲಿ ಅವುಗಳ ಜಾಡು ಹಿಡಿದರು.

ನನ್ನ ಪ್ರಕಾರ ನಿಜವಾದ ಕಷ್ಟ ಒಳಗೆ ಹೋದಮೇಲಿನದು. ಕಣ ಆ ಚೀಲದಿಂದ ಬಿಡಿಸಿಕೊಳ್ಳದಿದ್ದರೆ, ಅದು ಹೊತ್ತು ತಂದ ಔಷಧಿ ಎಷ್ಟೋ ಸಲ ಅಲ್ಲೇ ಜೀರ್ಣವಾಗಿಬಿಡುತ್ತದೆ.