ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್‌ನಲ್ಲಿ ‘ಎಂ-ಎಕ್ಸ್’ ಒತ್ತಿ ಅಂತಾರಲ್ಲ, ಯಾವ ಕೀ ಅದು?

ಎಂ ಅಕ್ಷರವನ್ನೇ ಒತ್ತಿದರೆ ಪರದೆ ಮೇಲೆ ಸುಮ್ನೆ ಎಂ ಮೂಡುತ್ತದೆ, ಅಷ್ಟೇ. ಇಲ್ಲಿ ಎಂ ಅಂದರೆ ಮೆಟಾ. ಈಮ್ಯಾಕ್ಸ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಹಳೇ ಕೀಬೋರ್ಡ್‌ಗಳಲ್ಲಿ ಆ ಹೆಸರಿನ ಕೀ ನಿಜವಾಗಿಯೂ ಇತ್ತು. ಕೀ ಹೋಯಿತು, ಹೆಸರು ಉಳಿಯಿತು. ಈಗ ಆ ಕೆಲಸ ಸಾಮಾನ್ಯವಾಗಿ ಆಲ್ಟ್‌ನದು. ಕೆಲವು ಟರ್ಮಿನಲ್‌ಗಳಲ್ಲಿ (ಕಮಾಂಡ್ ಟೈಪ್ ಮಾಡುವ ವಿಂಡೋಗಳಲ್ಲಿ) ಆಲ್ಟ್ ಕೈಕೊಡುತ್ತದೆ. ಆಗ ಎಸ್ಕೇಪ್ ಒತ್ತಿ, ಬಿಟ್ಟು, ಆಮೇಲೆ ಎಕ್ಸ್ ಒತ್ತಿ.

ಸಿ ಅಂದರೆ ಕಂಟ್ರೋಲ್. ಜಾಸ್ತಿ ಜನ ಎಡವುವುದು ಇಲ್ಲೇ. ‘ಸಿ-ಎಕ್ಸ್ ಸಿ-ಎಫ್’ ಅಂದರೆ ಕಂಟ್ರೋಲ್ ಹಿಡಿದುಕೊಂಡೇ ಎಕ್ಸ್, ಆಮೇಲೆ ಎಫ್. ಫೈಲ್ ತೆರೆಯಲು ಇದು. ‘ಸಿ-ಎಕ್ಸ್ ಎಫ್’ ಅಂತಿದ್ದರೆ ಎಫ್ ಒತ್ತುವ ಮುಂಚೆ ಕಂಟ್ರೋಲ್ ಬಿಡಬೇಕು. ಇದು ಸಾಲಿನ ಅಗಲ ಎಷ್ಟು ಅಂತ ಕೇಳುತ್ತದೆ. ನಾನು ಫೈಲ್ ಹೆಸರು ಟೈಪ್ ಮಾಡುವುದು, ಅದು ಸಂಖ್ಯೆ ಕೊಡು ಅಂತ ಹಟ ಹಿಡಿಯುವುದು, ಹೀಗೇ ಒಂದಷ್ಟು ಹೊತ್ತು ನಡೆದಿತ್ತು!

ಇನ್ನು ಕಿಲ್ ಅಂದರೆ ಕಟ್, ಯಾಂಕ್ ಅಂದರೆ ಪೇಸ್ಟ್. ವಿಮ್ ಅನ್ನೋ ಇನ್ನೊಂದು ಎಡಿಟರ್‌ನಲ್ಲಿ ಅದೇ ಯಾಂಕ್ ಅಂದರೆ ಕಾಪಿ. ಎರಡನ್ನೂ ಬಳಸುವವರ ಪಾಡು ಯಾರಿಗೂ ಬೇಡ. ಮಧ್ಯೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ‘ಸಿ-ಜಿ’ ಒತ್ತಿ.