ಇಲಿ ಬಿದ್ದರೆ ಊರು ಬಿಡುತ್ತಿದ್ದುದೇಕೆ?

ಪ್ರಶ್ನೆ: ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತೆಂದು ನಮ್ಮ ಮುತ್ತಜ್ಜಿ ಹೇಳುತ್ತಿದ್ದರು. ಇದು ಬರೀ ಹೆದರಿಕೆಯೇ? ಪ್ಲೇಗಿಗೆ ಆಗ ಔಷಧವೇ ಇರಲಿಲ್ಲವೇ?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ನಿಮ್ಮ ಮುತ್ತಜ್ಜಿಯ ಕಾಲದವರು ಮಾಡಿದ್ದು ಸರಿಯಾದ ಕೆಲಸ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರೂ, 1898ರ ಆಗಸ್ಟ್‌ನಲ್ಲಿ ಬೇನೆ ಬೆಂಗಳೂರಿಗೆ ಕಾಲಿಟ್ಟಾಗ ಅದು ಹರಡುವ ದಾರಿ ಅಧಿಕಾರಿಗಳಿಗೆ ತಿಳಿದಿರಲಿಲ್ಲ. ರೋಗಾಣು ನೆಲದಲ್ಲಿ, ಗೋಡೆಯಲ್ಲಿ ಕೂತಿದೆಯೆಂದು ನಂಬಿ ಔಷಧಿ ನೀರಿನಿಂದ ಮನೆ ತೊಳೆಸುತ್ತಿದ್ದರು, ಬಿಸಿಲು ಬೀಳಲೆಂದು ಹೆಂಚು ತೆಗೆಸುತ್ತಿದ್ದರು. ಅದೇ ವರ್ಷ ಕರಾಚಿಯಲ್ಲಿ ಸಿಮಂಡ್ ಎಂಬ ಫ್ರೆಂಚ್ ವೈದ್ಯರು ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಸಾಗಿಸುತ್ತದೆಂದು ತೋರಿಸಿಕೊಟ್ಟರೂ ಬಹುತೇಕರು ಒಪ್ಪಲಿಲ್ಲ. 1905ರಲ್ಲಿ ಶುರುವಾದ ಪ್ಲೇಗ್ ಆಯೋಗದ ಪ್ರಯೋಗಗಳ ನಂತರವೇ ಅದು ಸ್ಥಿರಪಟ್ಟಿತು.

ನಮ್ಮ ಕಡೆಯ ಹಳೆಯ ಮನೆಯೊಂದನ್ನು ನೆನೆಯಿರಿ. ಒಳಗೆ ರಾಗಿ ತುಂಬಿಡುವ ವಾಡೆ, ಅಂಗಳದಲ್ಲಿ ಕಾಳು ಹುಗಿದಿಡುವ ಹಗೇವು, ಮಣ್ಣಿನ ಗೋಡೆಯ ತುಂಬ ಬಿಲ. ಪ್ಲೇಗಿನಿಂದ ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ಬಿಸಿನೆತ್ತರನ್ನು ಹುಡುಕುತ್ತವೆ. ಆಗ ಸಿಗುವವರು ಅದೇ ನೆಲದ ಮೇಲೆ ಮಲಗಿದ ಮನೆಮಂದಿ. ಅಂಥ ಸಮಯದಲ್ಲಿ ಮನೆ ಬಿಟ್ಟು ಬಯಲಿಗೆ ಹೋದವರು, ಕಾರಣ ತಿಳಿಯದಿದ್ದರೂ, ಚಿಗಟದಿಂದ ದೂರವಾಗುತ್ತಿದ್ದರು. ಹಾಸಿಗೆ, ಕಾಳಿನ ಮೂಟೆಗಳ ಜೊತೆ ಚಿಗಟವನ್ನೂ ಹೊತ್ತೊಯ್ದವರಿಗೆ ಮಾತ್ರ ಈ ರಕ್ಷಣೆ ಪೂರ್ತಿ ಸಿಗುತ್ತಿರಲಿಲ್ಲ.

ಔಷಧದ ವಿಷಯ ಹೇಳಲು ಸಂಕಟವಾಗುತ್ತದೆ. ಮೈಯೊಳಗಿನ ಪ್ಲೇಗಿನ ರೋಗಾಣುವನ್ನು ಕೊಲ್ಲುವ ಮದ್ದು ಆಗ ಇರಲಿಲ್ಲ. ತೊಡೆಸಂದಿಯಲ್ಲೋ ಕಂಕುಳಲ್ಲೋ ಎದ್ದ ಗಡ್ಡೆಗೆ ಶಾಖ ಕೊಡುವುದು, ನೀರು ಕುಡಿಸುವುದು, ಆರೈಕೆ ಮಾಡುವುದು, ಇಷ್ಟೇ. ಗಡ್ಡೆ ಎದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಾಯುತ್ತಿದ್ದರು. ಸಲ್ಫಾ ಮಾತ್ರೆಗಳು 1930ರ ದಶಕದಲ್ಲಿ ಬಂದವು; ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯೊಟಿಕ್ ಬರಲು 1940ರ ದಶಕವೇ ಬೇಕಾಯಿತು.

ಪ್ರಶ್ನೆ: ಪ್ಲೇಗಿಗೆ ಆಗಲೇ ಚುಚ್ಚುಮದ್ದು ಇದ್ದರೂ ಜನ ಅದಕ್ಕೆ ಏಕೆ ಹೆದರುತ್ತಿದ್ದರು?
– ಓದುಗರೊಬ್ಬರು, ತುಮಕೂರು

ಉತ್ತರ: ಆ ಲಸಿಕೆಯನ್ನು ಮುಂಬಯಿಯಲ್ಲಿ ಸಿದ್ಧಪಡಿಸಿದವರು ಹಾಫ್ಕಿನ್ ಎಂಬ ವಿಜ್ಞಾನಿ. ಅವರು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ಪ್ಲೇಗಿನ ರೋಗಾಣುಗಳು ಆ ಹನಿಗಳಿಗೆ ಅಂಟಿ ಬಿಳಲುಗಳಂತೆ ಕೆಳಕ್ಕೆ ಇಳಿಬಿದ್ದು ಬೆಳೆಯುತ್ತಿದ್ದವು. ಹಾಗೆ ಬೆಳೆದದ್ದನ್ನು ಕಾಯಿಸಿ ಕೊಂದರೆ ಲಸಿಕೆ. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಲಸಿಕೆ ಪಡೆದವರಲ್ಲಿ ರೋಗವೂ ಸಾವೂ ಕಡಿಮೆಯಾದವು, ಆದರೆ ರಕ್ಷಣೆ ಕೆಲವು ತಿಂಗಳು ಮಾತ್ರ. ಚುಚ್ಚಿಸಿಕೊಂಡ ಮೇಲೆ ಜ್ವರ, ತೋಳಿನ ಬಾವು ಜೋರಾಗಿಯೇ ಬರುತ್ತಿದ್ದವು. ಕೂಲಿ ಮಾಡಿ ಉಣ್ಣುವವರಿಗೆ ಆ ದಿನಗಳು ಸಣ್ಣ ನಷ್ಟವಲ್ಲ.

ಇದರ ಮೇಲೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ತೀರಿಕೊಂಡರು. ಹಾಫ್ಕಿನ್ ಅವರನ್ನು ಕೆಲಸದಿಂದ ದೂರವಿಡಲಾಯಿತು. ಸೀಸೆ ತೆರೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಿದ್ದೇ ಕಾರಣವಿರಬೇಕೆಂದು ವಿಜ್ಞಾನಿಗಳು ವಾದಿಸಿದ ಮೇಲೆ, 1907ರಲ್ಲಿ ಅವರು ದೋಷಮುಕ್ತರಾದರು. ಹೆದರಿದ ಜನರನ್ನು ಮೂಢರೆಂದು ಜರೆಯಲು ನನಗೆ ಮನಸ್ಸಾಗದು.

ಪ್ರಶ್ನೆ: ಗಂಟಲಮಾರಿಗೆ (ಡಿಫ್ತೀರಿಯಾ) ಕುದುರೆಯ ರಕ್ತದಿಂದ ಮದ್ದು ತಯಾರಿಸುತ್ತಿದ್ದರಂತೆ, ನಿಜವೇ?
– ಓದುಗರೊಬ್ಬರು, ಮಾಲೂರು

ಉತ್ತರ: ನಿಜ. ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು 1890ರಲ್ಲಿ ಇದರ ತತ್ತ್ವವನ್ನು ಕಂಡುಕೊಂಡರು. ರೋಗಾಣುವಿನ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಕೊಟ್ಟರೆ ಅದರ ರಕ್ತದಲ್ಲಿ ಪ್ರತಿವಿಷ ಹುಟ್ಟುತ್ತದೆ. ರಕ್ತ ತೆಗೆದು, ಹೆಪ್ಪುಗಟ್ಟಿಸಿ, ಮೇಲೆ ನಿಲ್ಲುವ ತಿಳಿಯನ್ನು ಮಗುವಿಗೆ ಚುಚ್ಚುತ್ತಿದ್ದರು. ಮೈಯಲ್ಲಿ ಇನ್ನೂ ಅಂಟಿಕೊಳ್ಳದೆ ಹರಿದಾಡುತ್ತಿರುವ ವಿಷವನ್ನಷ್ಟೇ ಅದು ತಡೆಯಬಲ್ಲದಾದ್ದರಿಂದ ಮೊದಲ ಒಂದೆರಡು ದಿನಗಳಲ್ಲಿ ಮದ್ದು ಸಿಕ್ಕ ಮಕ್ಕಳು ಹೆಚ್ಚಾಗಿ ಬದುಕುತ್ತಿದ್ದರು, ಎತ್ತಿನ ಗಾಡಿಯಲ್ಲಿ ತಡವಾಗಿ ಆಸ್ಪತ್ರೆ ತಲುಪಿದ ಮಕ್ಕಳಿಗೆ ಅದು ಅಷ್ಟಾಗಿ ನೆರವಾಗುತ್ತಿರಲಿಲ್ಲ. ಗಂಟಲಮಾರಿ ಬಂದವರಿಗೆ ಇಂದಿಗೂ ಆ್ಯಂಟಿಬಯೊಟಿಕ್ ಜೊತೆಗೆ ಇದೇ ಬಗೆಯ ಪ್ರತಿವಿಷವನ್ನು ಕೊಡುತ್ತಾರೆ.