ಪ್ರತಿಕ್ರಿಯೆ: ಸ್ಕೈಕೋಮಿಶ್ ನದಿಯ ಕೋಹೋ ಸಾಲ್ಮನ್‌ಗೆ ಯಾವ ರಾಡ್, ಯಾವ ರೀಲ್?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಈ ನದಿಯಲ್ಲಿ ನಿಮ್ಮ ಆರೂವರೆ ಅಡಿ ರಾಡ್ (ಗಾಳದ ಕೋಲು), 2500 ಸೈಜಿನ ರೀಲಿನಲ್ಲಿ (ದಾರ ಸುತ್ತುವ ರಾಟೆ) ಕೋಹೋ ಎರಡು ಸಲ ದಾರ ಕಡಿದುಕೊಂಡು ಹೋಗಿದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ಬ್ರೇಕ್, ತುಂಬಾ ಬಿಗಿ ಇದ್ದಿರಬೇಕು. ಎಷ್ಟು ಬಿಗಿ ಇಟ್ಟಿದ್ದಿರಿ ಅಂತ ನೀವು ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಕಡಿದ ತುದಿ ನೋಡಿ. ಸ್ಪ್ರಿಂಗಿನ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿದೆ. ಒರಟೊರಟಾಗಿದ್ದರೆ ಕಲ್ಲಿಗೆ ಉಜ್ಜಿದೆ.

ಮೊದಲು ರಾಡ್ ಬದಲಿಸಿ. ಎಂಟೂವರೆಯಿಂದ ಒಂಬತ್ತೂವರೆ ಅಡಿ, ಮೀಡಿಯಂ ಪವರ್ (ಮಧ್ಯಮ ಗಟ್ಟಿತನ), ಮೇಲೆ 8ರಿಂದ 12 ಪೌಂಡ್ ದಾರ ಎಂದು ಬರೆದಿರಬೇಕು. ಕೋಹೋ ನೀರಿನಿಂದ ಹಾರಿ ತಲೆ ಕೊಡವುವಾಗ ಉದ್ದದ ರಾಡ್ ಬಾಗಿ ಆ ಜಗ್ಗಾಟ ತಡೆದುಕೊಳ್ಳುತ್ತದೆ. ದಾರ ಉಳಿಸೋದು ಅದೇ.

ರೀಲ್ 3000 ಅಥವಾ 4000 ಸೈಜಿನ ಸ್ಪಿನ್ನಿಂಗ್ ಸಾಕು. ಬೇರಿಂಗ್ ಎಷ್ಟಿವೆ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯಲ್ಲೇ ಡ್ರ್ಯಾಗ್ ಸ್ವಲ್ಪ ಬಿಗಿ ಮಾಡಿ, ಸ್ಪೂಲ್ (ದಾರ ಸುತ್ತುವ ಉರುಳೆ) ಕೈಯಲ್ಲಿ ತಿರುಗಿಸಿ. ತಡೆತಡೆದು ಬಂದರೆ ಬೇರೆ ಕೇಳಿ.

ಸ್ಪೂಲಿಗೆ ಮೊದಲು ಸ್ವಲ್ಪ ಮಾನೋ (ಒಂದೇ ಎಳೆಯ ದಾರ) ಸುತ್ತಿ, ಇಲ್ಲದಿದ್ದರೆ ಬ್ರೇಡ್ (ಹೆಣೆದ ದಾರ) ಜಾರುತ್ತದೆ. ಅದರ ಮೇಲೆ 30 ಪೌಂಡ್ ಬ್ರೇಡ್, ತುದಿಗೆ ಮೂರ್ನಾಲ್ಕು ಅಡಿ 12 ಪೌಂಡ್ ಮಾನೋ ಲೀಡರ್ (ಕೊಕ್ಕೆಯ ಬಳಿಯ ದಾರ). ಡ್ರ್ಯಾಗ್ ಲೀಡರಿನ ಬಲದ ಕಾಲು ಭಾಗ ಇಡಿ, ಅಂದರೆ 3 ಪೌಂಡ್. ಲಗೇಜ್ ತೂಗುವ ಸಣ್ಣ ತಕ್ಕಡಿಗೆ ದಾರ ಕಟ್ಟಿ ಎಳೆಯಿರಿ, ಗೊತ್ತಾಗುತ್ತದೆ.

ಹಳೇ ರಾಡ್ ಮಾರಬೇಡಿ. ಬೆಸ ವರ್ಷಗಳಲ್ಲಿ ಬರುವ ಪಿಂಕ್ ಸಾಲ್ಮನ್‌ಗೆ ಅದು ಧಾರಾಳ. ಇನ್ನೂ ದೊಡ್ಡದಾದ ಚಿನೂಕ್ ಸಾಲ್ಮನ್‌ಗೆ ಮಾತ್ರ ಇದಕ್ಕಿಂತ ಗಟ್ಟಿ ಸೆಟ್ ಬೇಕು.

ಹೊರಡುವ ಮುಂಚೆ ಫಿಶ್ ವಾಷಿಂಗ್ಟನ್ ಆ್ಯಪ್ ನೋಡಿ. ನದಿ ತೆರೆದಿದೆಯಾ, ಹಿಮ್ಮುಳ್ಳಿಲ್ಲದ ಕೊಕ್ಕೆಯೇ ಬೇಕಾ ಅನ್ನೋದು ಅಲ್ಲಿರುತ್ತದೆ.